ಪ್ರೇಮಲೀಲಾಳ ಕೋಣೆಯ ಲಿನಕ್ಸು

೨ ಜನವರಿ ೨೦೦೩, ಗುರುವಾರ

ಲಿಂಗಪೂಜೆ ಮುಗಿಯಿತು. ಅಡುಗೆಯವಳಿಗೆ ಹೇಳಬೇಕಾದ್ದನ್ನು ಹೇಳಿದ್ದಾಯಿತು. ಹೊಸ ಡೈರಿ, ಮಂಡಿಯಿಂದ ಬಂದದ್ದು. ಮೊದಲ ಪುಟದಲ್ಲಿ ಹೆಸರು ಬರೆಯಲು ಒಂದೇ ಗೆರೆ ಬಿಟ್ಟಿದ್ದಾರೆ. ಅಲ್ಲಿ ಹಿಡಿಸುವುದಿಲ್ಲ. ಇಲ್ಲಿ ಬರೆಯುತ್ತೇನೆ.

ಮಂಗಳಮ್ಮ. ಸಂತೇಪೇಟೆ ಬೆಲ್ಲದ ಮಂಡಿಯ ವೃಷಭೇಂದ್ರಪ್ಪನವರ ಹೆಂಡತಿ. ಅವರು ಲಿಂಗೈಕ್ಯರಾದ ಮೇಲೂ ಹಾಗೆಯೇ ಬರೆಯುತ್ತೇನೆ. ಎಸ್.ಎಸ್.ಎಲ್.ಸಿ. ಪಾಸು — ಆ ಕಾಲದಲ್ಲಿ, ನಮ್ಮ ಜನದಲ್ಲಿ, ಹೆಣ್ಣುಮಗಳು. ಮಠದ ಸ್ವಾಮಿಗಳು ಚಾಮರಾಜಪುರಕ್ಕೆ ಬಂದರೆ ಪಾದಪೂಜೆ ನಮ್ಮ ಮನೆಯಲ್ಲೇ. ಮಂಡಿ ಈಗ ಮೈದುನನ ಕೈಯಲ್ಲಿದೆ. ಮಾತು ನನ್ನದೇ.

ಮನೆಯಲ್ಲಿ ನಾನು, ಮಗ ಶಿವಕುಮಾರ, ಸೊಸೆ ಸುಷ್ಮಾ, ಮಗಳು ಪ್ರೇಮಲೀಲಾ. ಶಿವೂ ಕಡಕೊಳದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಪ್ರೇಮಾ ಅವನ ಅಕ್ಕ. ಮದುವೆಯಾಗಲಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದಳು. ಕಣ್ಣು ಹೋಗುತ್ತಿದೆ. ಒಳಗಿನ ಪರದೆ ಅಂಚಿನಿಂದ ಒಣಗುತ್ತಾ ಬರುತ್ತದೆ, ಔಷಧಿ ಇಲ್ಲ ಎಂದರು ಡಾಕ್ಟರು. ಬೋರ್ಡಿನ ಮೇಲೆ ಬರೆದದ್ದರ ಮೇಲೇ ಮತ್ತೆ ಬರೆಯುತ್ತಿದ್ದಳಂತೆ. ಮಕ್ಕಳು ನಕ್ಕರಂತೆ. ಹೋದ ವರ್ಷ ಕೆಲಸ ಬಿಡಿಸಿದೆ. ನಮ್ಮ ಮನೆಯ ಹೆಣ್ಣನ್ನು ನೋಡಿ ಯಾರೂ ನಗಬೇಕಾಗಿಲ್ಲ.

ಈಗ ಪೇಪರು, ಪುಸ್ತಕ ಎಲ್ಲ ನಾನೇ ಓದಿ ಹೇಳುತ್ತೇನೆ. ಕಾಫಿ ಆದ ಮೇಲೆ. ದಿನಾ.

೧೯ ಜನವರಿ, ಭಾನುವಾರ

ಪೇಪರಿನಲ್ಲಿ ಒಂದು ಸುದ್ದಿ ಬಿಟ್ಟು ಓದಿದೆ. ಕಣ್ಣು ಕಾಣದ ಹೆಂಗಸೊಬ್ಬಳು ಬಾವಿಗೆ ಬಿದ್ದದ್ದು. ಅದೆಲ್ಲ ಇವಳಿಗೇಕೆ. ಸಂಜೆ ಸುಷ್ಮಾ ಅದನ್ನೇ ತೆಗೆದು ಅಯ್ಯೋ ಪಾಪ ಎಂದಳು. ಈ ಹುಡುಗಿಯ ಬಾಯಿ.

"ಅಮ್ಮ, ನೀನು ಪೇಪರ್ ಓದಲ್ಲ. ಸೋಸ್ತೀಯ," ಎಂದಳು ಪ್ರೇಮಾ.

"ಸೋಸಿದ್ರೆ ಏನೇ? ಕಲ್ಲು ಹಲ್ಲಿಗೆ ಸಿಕ್ಕಬಾರದು ಅಂತ."

"ಕಲ್ಲೂ ಬೇಕು ಕಣಮ್ಮ. ಹಲ್ಲು ನನ್ನದು ತಾನೆ."

ಊಟಕ್ಕೆ ಬರಲಿಲ್ಲ. ಕರೆಯಲಿಲ್ಲ ನಾನೂ.

೯ ಫೆಬ್ರವರಿ, ಭಾನುವಾರ

ಶಿವೂ ಒಂದು ಕಂಪ್ಯೂಟರ್ ತಂದಿದ್ದಾನೆ. ಫ್ಯಾಕ್ಟರಿಯಲ್ಲಿ ಹಳೆಯದೆಂದು ತೆಗೆದುಹಾಕಿದ್ದು. ಅಕ್ಕನ ಕೋಣೆಯಲ್ಲಿ ಇಟ್ಟಿದ್ದಾನೆ. ಬರೆದದ್ದನ್ನು ಯಂತ್ರವೇ ಓದಿ ಹೇಳುತ್ತದಂತೆ. ವಿಂಡೋಸಿನಲ್ಲಿ ಹಾಗೆ ಓದಿಸಲು ಹೊರದೇಶದಿಂದ ಸಾಫ್ಟ್‌ವೇರ್ ತರಿಸಬೇಕು. ಅದರ ಬೆಲೆ ಹೇಳಲು ಅವನಿಗೇ ಬಾಯಿ ಬರಲಿಲ್ಲ. ಲಿನಕ್ಸು ಎಂದು ಇನ್ನೊಂದು ಇದೆ. ಅದು ಪುಕ್ಕಟೆ. ಪತ್ರಿಕೆಯ ಜೊತೆ ಸಿ.ಡಿ. ಕೊಡುತ್ತಾರೆ. ಪುಕ್ಕಟೆ ಎಂದರೆ ನನಗೆ ಅನುಮಾನ.

ಹಾಕಿದ. ಅಕ್ಷರ ಬಂತು. ದನಿ ಬರಲಿಲ್ಲ. ಸೌಂಡ್ ಕಾರ್ಡ್ ಎಂಬ ಹಲಗೆ ಒಳಗಿದೆ, ಅದು ಇರುವುದೇ ಲಿನಕ್ಸಿಗೆ ಗೊತ್ತಾಗುತ್ತಿಲ್ಲ ಎಂದ.

"ಮನೇಲಿ ಇರೋರೇ ಗೊತ್ತಾಗಲ್ಲ ಅಂದ್ರೆ ಅದೆಂಥ ಯಜಮಾನಿಕೆನೋ?" ಎಂದೆ. ಪ್ರೇಮಾ ನಕ್ಕಳು. ಎಷ್ಟೋ ದಿನವಾಗಿತ್ತು.

೨೩ ಫೆಬ್ರವರಿ, ಭಾನುವಾರ

ಶಿವೂ ಜೊತೆ ಕೆಲಸ ಮಾಡುವ ರಾಹುಲ್ ಎಂಬಾತ ಬಂದಿದ್ದ. ಲಿನಕ್ಸು ಬಲ್ಲವನು. ಮಾತು ಜಾಸ್ತಿ.

"ಯಾವ ಕಡೆಯವರಪ್ಪ?" ಎಂದು ಕೇಳಿದೆ.

"ಅಶೋಕಪುರಂ, ಅಮ್ಮಾವ್ರೇ. ನಿಮ್ಮನೆ ಹತ್ರ ಕೂಗಿದ ರೈಲೇ ಮುಂದೆ ಬಂದು ನಮ್ಮನೆ ಹತ್ರ ಕೂಗೋದು."

ಗೊತ್ತಾಯಿತು. ಯಾವ ಜನವೆಂದು ಹೆಸರು ಕೇಳಿದಾಗಲೇ ಅರ್ಧ ಗೊತ್ತಾಗಿತ್ತು. ಪ್ರೇಮಾಳ ಕೋಣೆಗೆ ಪೂಜೆಮನೆ ದಾಟಿಕೊಂಡೇ ಹೋಗಬೇಕು. ಯಂತ್ರವನ್ನೇ ಹಾಲಿಗೆ ತರಿಸಿದೆ. ಒಳಗೆ ಸೆಕೆ ಎಂದೆ. ಮಧ್ಯಾಹ್ನವೆಲ್ಲ ಟಕಟಕ ಎಂದು ಕುಟ್ಟಿದ. ಪ್ರೇಮಾ ಪಕ್ಕದಲ್ಲೇ ಕುಳಿತು ಯಾವ ಅಕ್ಷರ, ಏನು ಅರ್ಥ ಎಂದು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಳು. ದನಿ ಬರಲಿಲ್ಲ. ಮುಂದಿನ ವಾರವೂ ಬರುತ್ತಾನಂತೆ.

ಅವನು ಹೋದ ಮೇಲೆ ಪ್ರೇಮಾ ಹೇಳಿದಳು: "ನಮಗೆಲ್ಲ ಸ್ಟೀಲ್ ಲೋಟ. ಅವರಿಗೆ ಗಾಜಿಂದು. ಕೆಳಗಿಟ್ಟಾಗ ಸದ್ದೇ ಬೇರೆ. ಅದಕ್ಕೆ ಕಣ್ಣು ಬೇಡಮ್ಮ."

ಮನೆಯ ಪದ್ಧತಿ ಎಂದೆ. ಅಷ್ಟೆ.

೧೬ ಮಾರ್ಚ್, ಭಾನುವಾರ. ಸಂಜೆ

ಬಂತು.

ಮೊದಲು ಕರ್ರ್ ಎಂದು ಕೆರೆದ ಸದ್ದು. ಆಮೇಲೆ ಮೂಗಿನಲ್ಲಿ ಮಾತಾಡುವ ಗಂಡಸಿನ ದನಿ. ಇಂಗ್ಲಿಷು. ಪ್ರೇಮಾ ತನ್ನ ಹೆಸರು ಬರೆದಳು, ಅದು "ಪ್ರಿಮಲೈಲ" ಎಂದಿತು. ಎಲ್ಲರೂ ನಕ್ಕರು. ನಾನೂ.

ರಾಹುಲ್ ಹೇಳಿದ: "ಇದಕ್ಕೆ ರಾಗ ಇಲ್ಲ ಮೇಡಂ. ಮದ್ವೆ ಸುದ್ದೀನೂ ಅಂಗೇ ಓದುತ್ತೆ, ಸತ್ತೋರ ಸುದ್ದೀನೂ ಅಂಗೇ ಓದುತ್ತೆ."

"ಅದೇ ಬೇಕಾಗಿರೋದು," ಎಂದಳು ಪ್ರೇಮಾ. ನನ್ನ ಕಡೆ ತಿರುಗಿ ಹೇಳಿದಳೋ ಸುಮ್ಮನೆ ತಿರುಗಿದಳೋ ಗೊತ್ತಿಲ್ಲ. ಈಗ ಅವಳು ಎತ್ತ ನೋಡುತ್ತಾಳೆ ಎಂದು ಹೇಳುವುದು ಕಷ್ಟ.

ಯಂತ್ರ ಕೋಣೆಗೆ ವಾಪಸು ಹೋಯಿತು.

೧೧ ಜೂನ್, ಬುಧವಾರ

ಬರೆಯುವುದು ಬಿಟ್ಟುಹೋಗಿತ್ತು. ಬರೆಯುವಂಥದೂ ಏನಿಲ್ಲ.

ಶಿವೂ ಫ್ಯಾಕ್ಟರಿಯ ಇಂಟರ್ನೆಟ್ಟಿನಿಂದ ಪುಸ್ತಕಗಳನ್ನು ಫ್ಲಾಪಿಗೆ ತುಂಬಿಕೊಂಡು ತರುತ್ತಾನೆ. ಹಳೆಯ ಇಂಗ್ಲಿಷ್ ಕಾದಂಬರಿಗಳು. ಪ್ರೇಮಾ ಬಾಗಿಲು ಮುಂದೆ ಮಾಡಿಕೊಂಡು ಓದುತ್ತಾಳೆ. ಓದುತ್ತಾಳೆ ಎಂದೇ ಹೇಳುತ್ತಾಳೆ, ಕೇಳುತ್ತೇನೆ ಎನ್ನುವುದಿಲ್ಲ. ಶಾಲೆಯ ಹೆಡ್‌ಮಿಸ್ಸು ಫೋನ್ ಮಾಡಿದ್ದರು. ಪಾಠದ ಪ್ರಶ್ನೆಗಳನ್ನು ಪ್ರೇಮಾ ತಾನೇ ಟೈಪ್ ಮಾಡಿ, ತಾನೇ ಓದಿಸಿ ನೋಡಿ ಕಳಿಸಿದ್ದಾಳೆ. ಒಂದೂ ತಪ್ಪಿರಲಿಲ್ಲವಂತೆ.

ಇವತ್ತು ಒಳಗೆ ಒಬ್ಬಳೇ ನಗುತ್ತಿದ್ದಳು. ಬಾಗಿಲ ಬಳಿ ನಿಂತೆ. ಆ ಗಂಡು ದನಿ ಗೊಣಗುತ್ತಿತ್ತು. ವೇಗ ಹೆಚ್ಚು ಮಾಡಿದ್ದಾಳೆ, ನನಗೆ ಒಂದು ಪದವೂ ಹಿಡಿಯಲಿಲ್ಲ. ಏನೇ ಅದು ಎಂದರೆ "ಹೀಗೇ ಒಂದು ಕಥೆ" ಎಂದಳು.

ಬೆಳಿಗ್ಗೆ ಪೇಪರು ಓದಿ ಹೇಳುವುದು ಮುಂದುವರಿದಿದೆ. ಕೂತು ಕೇಳುತ್ತಾಳೆ. ಮಗುವಿನ ಮಾತು ಕೇಳಿದ ಹಾಗೆ.

೧೪ ಸೆಪ್ಟೆಂಬರ್, ಭಾನುವಾರ

ಸ್ಕ್ರೀನಿನ ಬೆಳಕಾದರೂ ಪ್ರೇಮಾಗೆ ಇಷ್ಟು ದಿನ ಗೊತ್ತಾಗುತ್ತಿತ್ತು. ಮೊನ್ನೆ ಸುಷ್ಮಾಳನ್ನು ಕರೆದು "ಇದು ಆನ್ ಆಗಿದೆಯಾ ನೋಡು" ಎಂದಳಂತೆ. ಸುಷ್ಮಾ ಅಡುಗೆಮನೆಗೆ ಬಂದು ಅತ್ತಳು. ಅಳುವುದಾದರೆ ಹಿತ್ತಿಲಿಗೆ ಹೋಗು ಎಂದೆ.

ಊಟಕ್ಕೆ ಕುಳಿತಾಗ ಶಿವೂಗೆ ಕೇಳಿದೆ: "ನಮ್ಮನೆ ಕರೆಂಟ್ ತಿಂದು ಬರೀ ಇಂಗ್ಲಿಷೇ ಮಾತಾಡುತ್ತಲ್ಲೋ. ಕನ್ನಡ ಯಾವಾಗ?"

"ಲಿನಕ್ಸಿಂದು ಹೊಸ ವರ್ಷನ್ ಬಂದಿದೆಯಮ್ಮ. ಅದ್ರಲ್ಲಿ ಕನ್ನಡ ಅಕ್ಷರ ತೋರಿಸಬಹುದಂತೆ. ಮಾತು ಇನ್ನೂ ಇಲ್ಲ. ಅಕ್ಷರ ಬಂದ್ರೆ ಮಾತೂ ಬರುತ್ತೆ, ನಿಧಾನಕ್ಕೆ."

"ಸರಿಯಾಗಿ ನಡೀತಿರೋದನ್ನ ಕೆಣಕಬೇಡ ಶಿವೂ," ಎಂದಳು ಪ್ರೇಮಾ.

"ಅದನ್ನ ಹಾಕೋ," ಎಂದೆ ನಾನು. "ಈ ಮನೇಲಿ ಕನ್ನಡ ಬರದೇ ಇರೋದು ಅದೊಂದೇ."

ನನ್ನ ಮಾತೇ ಕೊನೆ.

೪ ಅಕ್ಟೋಬರ್, ಶನಿವಾರ. ಆಯುಧಪೂಜೆ

ಇದನ್ನು ಕ್ರಮವಾಗಿ ಬರೆಯುತ್ತೇನೆ.

ಫ್ಯಾಕ್ಟರಿಗೆ ರಜೆ. ಶಿವೂ ಬೆಳಿಗ್ಗೆಯೇ ಎದ್ದು ಹೊಸ ವರ್ಷನ್ ಹಾಕಲು ಶುರುಮಾಡಿದ್ದ. ಪೂಜೆ ಹೊತ್ತಿಗೆ ಮುಗಿಯುತ್ತದೆ ಎಂದ. ಮುಗಿಯಲಿಲ್ಲ. ಹಳೆಯ ಯಂತ್ರ, ನಿಧಾನ. ಒಂದು ಸಿ.ಡಿ. ಆದ ಮೇಲೆ ಇನ್ನೊಂದು ಕೇಳುತ್ತದೆ.

ಪೂಜೆಗೆ ಅಯ್ಯನವರು ಬಂದು ಕುಳಿತರು. ಸ್ಕೂಟರು, ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆಮಣೆ — ಎಲ್ಲ ತೊಳೆದು ವಿಭೂತಿ ಹಚ್ಚಿ ಸಾಲಾಗಿ ಇಟ್ಟಾಗಿತ್ತು. ಕಂಪ್ಯೂಟರೊಂದು ಮಾತ್ರ ಗುರ್ರ್ ಎನ್ನುತ್ತಲೇ ಇತ್ತು.

ಓಡುತ್ತಿರುವುದಕ್ಕೆ ಪೂಜೆ ಇಲ್ಲ. ಯಜಮಾನರು ಇದ್ದಾಗ ಮಂಡಿಯ ತಕ್ಕಡಿಯನ್ನು ಕೂಡ ಕೆಳಗಿಳಿಸಿ ತಟ್ಟೆ ಕಟ್ಟಿಡುತ್ತಿದ್ದರು. ಇವತ್ತು ನಿಂತದ್ದು ನಾಳೆ ವಿಜಯದಶಮಿಗೇ ಮತ್ತೆ ಓಡುವುದು. ವರ್ಷವೆಲ್ಲ ದುಡಿದದ್ದಕ್ಕೆ ಅದೊಂದು ದಿನದ ಬಿಡುವು.

"ಆಫ್ ಮಾಡು," ಎಂದೆ.

"ಇನ್ನೊಂದು ಅರ್ಧ ಗಂಟೆ ಅಮ್ಮ. ಮಧ್ಯದಲ್ಲಿ ನಿಲ್ಲಿಸಬಾರದು ಇದನ್ನ."

"ಅಯ್ಯನೋರು ಬೇರೆ ಮನೆಗೆ ಹೋಗಬೇಕು."

"ಅದೊಂದನ್ನ ಬಿಟ್ಟುಬುಡಮ್ಮ ಈ ಸಲ."

ಈ ಮನೆಯಲ್ಲಿ ದುಡಿಯುವ ಯಾವ ವಸ್ತುವನ್ನೂ ಪೂಜೆಯಿಂದ ಬಿಟ್ಟಿದ್ದಿಲ್ಲ. ಅದರಲ್ಲೂ ಇದನ್ನು — ಮಗಳಿಗೆ ಓದಿ ಹೇಳುವುದನ್ನು — ಬಿಡುವುದೇ? ಅವನು ತೆಂಗಿನಕಾಯಿ ತರಲು ಹಿತ್ತಿಲಿಗೆ ಹೋದ. ಗೋಡೆಯ ಸ್ವಿಚ್ಚನ್ನು ನಾನೇ ಆರಿಸಿದೆ. ಗುರುಗುಟ್ಟುವುದು ನಿಂತಿತು. ಹಾಲಿನಲ್ಲಿ ಕುಳಿತಿದ್ದ ಪ್ರೇಮಾ ತಟ್ಟನೆ ತಲೆ ಎತ್ತಿದಳು.

ವಿಭೂತಿ, ಗಂಧ, ಕುಂಕುಮ, ಸೇವಂತಿಗೆ ಹಾರ. ಪೂಜೆ ಚೆನ್ನಾಗಿ ನಡೆಯಿತು.

೫ ಅಕ್ಟೋಬರ್, ಭಾನುವಾರ. ವಿಜಯದಶಮಿ

ಹಾರ ತೆಗೆದು ಸ್ವಿಚ್ಚು ಹಾಕಿದರು. ಕಪ್ಪು ಸ್ಕ್ರೀನಿನ ಮೇಲೆ ಒಂದು ಗೆರೆ ಬರಹ ಬಂತು, ಅಲ್ಲೇ ನಿಂತಿತು. ಮತ್ತೆ ಹಾಕಿದರು. ಅದೇ ಗೆರೆ.

ಮೈದುನ ಬನ್ನಿಮಂಟಪದ ಪಂಜಿನ ಕವಾಯತಿಗೆ ಪಾಸು ಕಳಿಸಿದ್ದ. ಯಾರೂ ಹೋಗಲಿಲ್ಲ.

೧೨ ಅಕ್ಟೋಬರ್, ಭಾನುವಾರ

ರಾಹುಲ್ ಬಂದ. ಯಂತ್ರವನ್ನು ಮತ್ತೆ ಹಾಲಿಗೆ ತರಿಸಿದೆ. ಹಳೆಯದು ಅರ್ಧ, ಹೊಸದು ಅರ್ಧ ಆಗಿ ಕೂತಿದೆ, ಎರಡೂ ಅಲ್ಲ ಎಂದ. ಎಲ್ಲ ಅಳಿಸಿ ಮೊದಲಿಂದ ಹಾಕಬೇಕು.

"ಹಾಗಿದ್ರೆ ಹಾಕಿ. ಹೋದ ಸಲ ದನಿ ಬರಿಸಿದ್ರಲ್ಲ, ಹಾಗೇ ಬರಿಸಿ," ಎಂದಳು ಪ್ರೇಮಾ.

ಅವನು ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ. "ಮೇಡಂ, ಹೋದ ಸಲ ವಾರಗಟ್ಲೆ ಕತ್ತಲಲ್ಲಿ ಕೈ ಆಡಿಸ್ದಂಗೆ ಅದೂ ಇದೂ ತಿದ್ದಿದ್ದೆ. ಎಲ್ಲೆಲ್ಲಿ ತಿದ್ದಿದೆ ಅಂತ ಅದರೊಳಗೇ ಬರೆದಿಟ್ಟಿದ್ದೆ."

"ಅದರೊಳಗೇ?"

"ಹೂಂ ಮೇಡಂ. ಅದೇ ಹೋಯ್ತಲ್ಲ."

ಆಮೇಲೆ ಕೇಳಿದ: "ಅಲ್ಲ, ಮಧ್ಯದಲ್ಲಿ ಆಫ್ ಮಾಡಿದ್ಯಾರು?"

"ಕರೆಂಟ್ ಹೋಯ್ತು," ಎಂದ ಶಿವೂ.

ನಾನು ಅಲ್ಲೇ ಇದ್ದೆ. ಪ್ರೇಮಾಳೂ ಇದ್ದಳು. ಯಾರೂ ತಿದ್ದಲಿಲ್ಲ. ಹಬ್ಬದ ದಿನ ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿರಲೇ ಇಲ್ಲ. ಅಡುಗೆಯವಳಿಗೆ ಕೂಡ ಗೊತ್ತು.

೧೬ ನವೆಂಬರ್, ಭಾನುವಾರ

ಹೊಸ ಲಿನಕ್ಸು ಪೂರ್ತಿ ಕೂತಿತು. ಬಣ್ಣ ಬಣ್ಣವಾಗಿದೆ. ಕನ್ನಡ ಅಕ್ಷರವೂ ಬಂತು. ಶಿವೂ ನನ್ನನ್ನು ಕರೆದು ತೋರಿಸಿದ. "ಪ್ರೇಮಲೀಲಾ" ಎಂದು ಬರೆದಿದ್ದ. ಪ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ ಬಿದ್ದಿತ್ತು.

ದನಿ ಇಲ್ಲ. ಹಳೆಯದನ್ನೇ ಮತ್ತೆ ಹಾಕಿ ನೋಡಿದರು. ಅದರಲ್ಲೂ ಇಲ್ಲ. ಮತ್ತೆ ಹೊಸದು. ಈ ತಿಂಗಳೆಲ್ಲ ಇದೇ ಆಯಿತು.

ಶಾಲೆಯ ಪ್ರಶ್ನೆಗಳನ್ನು ಬೇರೆಯವರ ಕೈಲಿ ಮಾಡಿಸಿಕೊಂಡರಂತೆ.

೧೮ ಡಿಸೆಂಬರ್, ಗುರುವಾರ

ಬೆಳಿಗ್ಗೆ ಶಿವೂ ಹೊರಟ ಮೇಲೆ ಪ್ರೇಮಾ ನನ್ನನ್ನು ಕೋಣೆಗೆ ಕರೆಯುತ್ತಾಳೆ. ರಾಹುಲ್ ಹೇಳಿಕೊಟ್ಟದ್ದು ಅವಳಿಗೆ ನೆನಪಿದೆ. ಅವಳು ಟೈಪ್ ಮಾಡುತ್ತಾಳೆ, ಏನು ಬಂತೆಂದು ನಾನು ಓದಬೇಕು. ಎಲ್ಲ ಇಂಗ್ಲಿಷ್. ಒಂದೂ ತಪ್ಪಬಾರದೆಂದು ಅಕ್ಷರ ಅಕ್ಷರವಾಗಿ ಹೇಳುತ್ತೇನೆ. ಎನ್, ಓ, ಎಸ್, ಯು, ಸಿ, ಹೆಚ್... ಅಂಥದೊಂದು ಇಲ್ಲ ಎಂದು ಅರ್ಥವಂತೆ. ದಿನಾ ಅದನ್ನೇ ಹೇಳುತ್ತದೆ, ಬೇರೆ ಬೇರೆ ಸಾಲುಗಳಲ್ಲಿ.

ಇವತ್ತು ಒಂದು ಸಾಲು ಬಿಟ್ಟೆ. ಮೇಲಿನ ಸಾಲಿನಂತೆಯೇ ಇತ್ತು.

"ಸೋಸಬೇಡಮ್ಮ. ಎಲ್ಲಾ ಓದು."

ಓದಿದೆ. ಕೊನೆಗೆ ಅವಳೇ ಕೀಬೋರ್ಡಿನಿಂದ ಕೈ ತೆಗೆದಳು. ಬೆರಳುಗಳು ತಣ್ಣಗಿದ್ದವು. ಶಾಲು ತಂದು ಹೊದಿಸಿದೆ. ತೆಗೆದುಹಾಕಿದಳು.

೧೫ ಜನವರಿ ೨೦೦೪, ಗುರುವಾರ. ಸಂಕ್ರಾಂತಿ

ಎಳ್ಳು ಬೀರಲು ಸುಷ್ಮಾ ಒಬ್ಬಳೇ ಹೋದಳು.

ಹೋದ ವಾರ ಹೊಸ ಸೌಂಡ್ ಕಾರ್ಡ್ ತಂದರು. ಹಳೆಯ ನಮೂನೆಯದು ಈಗ ಎಲ್ಲೂ ಸಿಗುವುದಿಲ್ಲ. ಶಿವೂ ಫ್ಯಾಕ್ಟರಿಯಲ್ಲಿ ವಿಂಡೋಸಿಗೆ ಹಾಕಿ ನೋಡಿದ, ಹಾಡು ಬಂತಂತೆ. ಮನೆಗೆ ತಂದು ಲಿನಕ್ಸಿಗೆ ಹಾಕಿದ. ಬಾಯಿ ಬಿಡಲಿಲ್ಲ. ಕಾರ್ಡ್ ಮಾಡಿದವರು ಅದರ ಒಳಗುಟ್ಟನ್ನು ಲಿನಕ್ಸಿನವರಿಗೆ ಹೇಳಿಲ್ಲವಂತೆ. ಯಾರಾದರೂ ಕಂಡುಹಿಡಿಯುವವರೆಗೆ ಕಾಯಬೇಕು. ಯಾರು, ಯಾವಾಗ ಎಂದರೆ ಅವನಿಗೂ ಗೊತ್ತಿಲ್ಲ.

ಪ್ರೇಮಾ ಬೆಳಿಗ್ಗೆ ಬಾಗಿಲಿನ ಬೆಳಕಿಗೆ ಮುಖಮಾಡಿ ನಿಲ್ಲುತ್ತಿದ್ದಳು. ಇವತ್ತು ಗೋಡೆಗೆ ಮುಖಮಾಡಿ ನಿಂತಿದ್ದಳು, ಬಾಗಿಲು ಎಂದುಕೊಂಡು. ನಾನು ತಿರುಗಿಸಲಿಲ್ಲ.

೨೨ ಫೆಬ್ರವರಿ, ಭಾನುವಾರ

ರಾಹುಲ್ ಬಂದಿದ್ದ. ಈ ಸಲ ಅವನು ಯಂತ್ರ ಮುಟ್ಟಿದ್ದು ಸ್ವಲ್ಪ ಹೊತ್ತು. ಆಮೇಲೆ ನೇರವಾಗಿ ನನಗೇ ಹೇಳಿದ.

"ಅಮ್ಮಾವ್ರೇ, ನನ್ನ ಮೆಷಿನ್ನು ಮಾತಾಡುತ್ತೆ. ಇದು ಸರಿಯಾಗೋಗಂಟ ಮೇಡಂ ನಮ್ಮನೆಗೆ ಬಂದು ಓದ್ಕೊಳ್ಳಲಿ. ಹಗಲೊತ್ತು ನನ್ನ ಹೆಂಡ್ತಿ ಮಾಲಾ ಇರ್ತಾಳೆ. ಇದನ್ನೂ ಅಲ್ಲೇ ಇಟ್ಕೊಂಡು ನೋಡ್ತೀನಿ."

ಪ್ರೇಮಾ ಆಗಲೇ ಎದ್ದು ನಿಂತಿದ್ದಳು.

"ನಮ್ಮ ಮನೆ ಹೆಣ್ಣುಮಕ್ಕಳು ಯಾರ್ಯಾರ ಮನೆಗೋ ಹೋಗಿ ಕೂರಲ್ಲ," ಎಂದೆ.

"ಗಾಜಿನ ಲೋಟ ಇಲ್ಲ ಅಂತ ಯೋಚ್ನೆ ಮಾಡ್ಬೇಡಿ. ನಮ್ಮನೇಲಿ ಎಲ್ಲಾರ್ಗೂ ಸ್ಟೀಲೇ."

ನನ್ನ ಹಾಲಿನಲ್ಲಿ ಕುಳಿತು. ನನಗೆ. ಎದ್ದು ಒಳಗೆ ಬಂದೆ. ಅವನು ಹೋಗುವಾಗ ಯಾರೂ ತಡೆಯಲಿಲ್ಲ. ಕಾಫಿ ಹಾಗೆಯೇ ಇತ್ತು.

ಪ್ರೇಮಾ ಪೂಜೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಅಮ್ಮ. ನಾನು ಭಿಕ್ಷೆ ಕೇಳ್ತಿಲ್ಲ. ಒಂದು ಪುಸ್ತಕ ಓದಬೇಕು. ನಾನೊಬ್ಬಳೇ."

"ನಾನು ಓದ್ತೀನಲ್ಲೇ."

"ನೀನು ಓದಿದ್ರೆ ನೀನೇ ಕೇಳಿಸ್ತೀಯ ಕಣಮ್ಮ. ಪುಸ್ತಕ ಕೇಳಿಸಲ್ಲ."

೯ ಮಾರ್ಚ್, ಮಂಗಳವಾರ

ಹೊತ್ತು ಮೀರಿದೆ. ಆದರೂ ಬರೆಯುತ್ತೇನೆ.

ನಾನು ಮಠಕ್ಕೆ ಹೋಗಿದ್ದೆ. ಸುಷ್ಮಾ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳಂತೆ. ಪ್ರೇಮಾ ಗೇಟು ತೆಗೆದುಕೊಂಡು ಹೊರಟಿದ್ದಾಳೆ. ಒಬ್ಬಳೇ. ರೈಲ್ವೆ ಗೇಟಿನವರೆಗೂ ಗೋಡೆ ಸವರಿಕೊಂಡು ಹೋಗಿದ್ದಾಳೆ. ಅಲ್ಲಿ ಪೈಪಿಗೆಂದು ಅಗೆದ ಗುಂಡಿ. ಆಟೋದವನೊಬ್ಬ ಎತ್ತಿಕೊಂಡು ಬಂದ. ಹುಬ್ಬಿನ ಮೇಲೆ ಹೊಲಿಗೆ ಹಾಕಿದ್ದಾರೆ. ಸೀರೆಯ ತುಂಬ ಮಣ್ಣು.

ಇನ್ನೊಂದಿಷ್ಟು ಮುಂದೆ ಹೋಗಿದ್ದರೆ ಹಳಿ.

"ಎಲ್ಲಿಗೆ ಹೊರಟಿದ್ದೆ?"

"ಓದಕ್ಕೆ."

ಬೀದಿಯೆಲ್ಲ ಗೇಟಿಗೆ ಬಂದು ನಿಂತಿತ್ತು. ವೃಷಭೇಂದ್ರಪ್ಪನವರ ಮಗಳನ್ನು ನೋಡಲು.

೧೧ ಮಾರ್ಚ್, ಗುರುವಾರ

ಅನ್ನ ಮುಟ್ಟುತ್ತಿಲ್ಲ. ತಲೆಗೆ ಕಟ್ಟಿದ ಬಟ್ಟೆಯಲ್ಲೇ ಯಂತ್ರದ ಮುಂದೆ ಕುಳಿತಿರುತ್ತಾಳೆ. ಟೈಪ್ ಮಾಡುತ್ತಾಳೆ. ಏನು ಬಂತೆಂದು ಈಗ ನನ್ನನ್ನು ಕೇಳುವುದಿಲ್ಲ. ಕಿವಿ ಮಾತ್ರ ಸ್ಪೀಕರಿನ ಕಡೆ.

ಹಿಂದಿನಿಂದ ನೋಡಿದೆ. ಮಾನಿಟರಿನ ವೈರು ಕಳಚಿ ಬಿದ್ದಿತ್ತು. ಅವಳಿಗೆ ಗೊತ್ತಿಲ್ಲ. ಖಾಲಿ ಗಾಜಿಗೆ ಬರೆಯುತ್ತಿದ್ದಳು.

ಇದು ನಿಲ್ಲಬೇಕು.

೧೬ ಮಾರ್ಚ್, ಮಂಗಳವಾರ. ಮಧ್ಯಾಹ್ನ

ಹೊಲಿಗೆ ಬಿಚ್ಚಿಸಲು ಶಿವೂ ಅರ್ಧ ದಿನ ರಜೆ ಹಾಕಿ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವರ ಆಟೋ ತಿರುಗಿದ ಮೇಲೆ ಮಂಡಿಗೆ ಫೋನ್ ಮಾಡಿದೆ. ಮಂಡಿಯ ಆಳು ಮೂಗಯ್ಯ ಗೂಡ್ಸ್ ಆಟೋ ತಂದ.

ಪೆಟ್ಟಿಗೆ, ಮಾನಿಟರು, ಕೀಬೋರ್ಡು, ಸ್ಪೀಕರು, ಸಿ.ಡಿ.ಗಳು, ಫ್ಲಾಪಿಗಳು. ಎಲ್ಲ.

ಸುಷ್ಮಾ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಮದುವೆಯಾಗಿ ಬಂದ ಮೇಲೆ ಮೊದಲ ಸಲ.

"ಅತ್ತೆ, ಅತ್ತಿಗೆ ಬಂದ್ಮೇಲೆ ಒಂದ್ಮಾತು ಕೇಳಿ ಕೊಡಬಹುದಲ್ವಾ?"

"ಕೇಳಿದ್ರೆ ಏನಂತಾಳೆ?"

"ಬೇಡ ಅಂತಾರೆ."

"ಮತ್ತೆ ಯಾಕೆ ಕೇಳ್ಬೇಕು? ದಾರಿ ಬಿಡು."

ಬಿಟ್ಟಳು. ಮೂಗಯ್ಯ ಹ್ಯಾಂಡಲ್ ಹಿಡಿದು "ಕೆಟ್ಟೋಗಿದ್ಯಾ ಅಮ್ಮಾವ್ರೇ?" ಎಂದ. ಇಲ್ಲ, ಚೆನ್ನಾಗಿದೆ ಎಂದೆ. ಮಠದ ಹಾಸ್ಟೆಲಿಗೆ ಕೊಡಲು ಹೇಳಿದೆ. ಅಲ್ಲಿ ನೂರಾರು ಮಕ್ಕಳಿದ್ದಾರೆ. ಕಣ್ಣಿರುವವರು. ಉಪಯೋಗವಾಗುತ್ತದೆ.

ರಾಹುಲನ ಮನೆಗೂ ಫೋನ್ ಮಾಡಿದೆ. ಅವನ ಹೆಂಡತಿ ತೆಗೆದಳು. ಕಂಪ್ಯೂಟರ್ ಇಲ್ಲ, ಅವರು ಬರಬೇಕಾಗಿಲ್ಲ. ನಮ್ಮ ಮಗಳು ಬಂದರೆ ಸೇರಿಸಬೇಡಿ ಎಂದೆ.

"ಮನೆ ಬಾಗಿಲಿಗೆ ಬಂದೋರ್ನ ಎಂಗಮ್ಮ ಸೇರಿಸದೇ ಇರೋದು?" ಎಂದಳು. ನಿಧಾನವಾಗಿ. ನಾನು ಫೋನಿಟ್ಟೆ.

ಹಾಗಾದರೆ ಇನ್ನೊಂದು ಕೆಲಸ ಬಾಕಿ ಇತ್ತು. ಅದನ್ನೂ ಮಾಡಿದೆ. ಗೇಟಿಗೆ ಬೀಗ ಹಾಕಿದೆ. ಮಂಡಿಯ ಗೋದಾಮಿಗೆ ಹಾಕುತ್ತಿದ್ದ ದೊಡ್ಡ ಬೀಗ. ಕೀ ನನ್ನ ಸೆರಗಿನಲ್ಲಿದೆ. ಇನ್ನು ಮೇಲೆ ಈ ಮನೆಯಿಂದ ಹೊರಗೆ ಹೋಗುವವರು ನನ್ನನ್ನು ಕೇಳಿ ಹೋಗುತ್ತಾರೆ.

ತಾಯಿ ಮಾಡಬೇಕಾದ್ದು. ಬದುಕಿರಲಿ. ಕೋಪ ಮಾಡಿಕೊಂಡಾದರೂ ಇರಲಿ.

ಕೋಣೆ ಗುಡಿಸಿಸಿದೆ. ಮೇಜಿನ ಮೇಲೆ ಇಂದಿನ ಪೇಪರು ಇಟ್ಟಿದ್ದೇನೆ. ಅವಳು ಬಂದ ಕೂಡಲೇ ಕಾಫಿ ಕೊಟ್ಟು ಓದಲು ಕೂರಬೇಕು. ಮೊದಲ ಪುಟದಿಂದ. ಒಂದು ಸಾಲೂ ಬಿಡದೆ.

ಆಟೋ ನಿಂತಿತು. ಶಿವೂ ಕೂಗುತ್ತಿದ್ದಾನೆ, "ಅಮ್ಮ, ಇದೇನಮ್ಮ ಬೀಗ?" ಪ್ರೇಮಾಳ ದನಿ ಇಲ್ಲ. ಕಬ್ಬಿಣದ ಮೇಲೆ ಬಳೆಯ ಸದ್ದು ಮಾತ್ರ. ಬೀಗವನ್ನು ಮುಟ್ಟಿ ನೋಡುತ್ತಿದ್ದಾಳೆ. ಸುತ್ತಲೂ, ನಿಧಾನವಾಗಿ, ಏನೆಂದು ತಿಳಿಯುವವರೆಗೆ. ಏಳಬೇಕು. ಎದ್ದು ಹೋಗಿ ಬೀಗ ತೆಗೆಯಬೇಕು.